ಊರಿನ ಚರಿತ್ರೆ ಬರೆಯುವ ಬಗೆ: ಕಲ್ಲು, ಕಾಗದ, ನೆನಪು

ಜಾತ್ರೆಯ ಸ್ಮರಣ ಸಂಚಿಕೆಯಲ್ಲೋ ಶಾಲೆಯ ಶತಮಾನೋತ್ಸವದ ಪುಸ್ತಕದಲ್ಲೋ ಅಚ್ಚಾಗುವ ‘ನಮ್ಮೂರ ಇತಿಹಾಸ’ ಹೆಚ್ಚೆಂದರೆ ಎರಡು ಪುಟ. ವನವಾಸದಲ್ಲಿ ಪಾಂಡವರು ಇಲ್ಲಿ ತಂಗಿದ್ದರು, ಆಮೇಲೆ ಹೊಯ್ಸಳರೋ ಚಾಲುಕ್ಯರೋ ಆಳಿದರು, ಆಮೇಲೆ ಸ್ವಾತಂತ್ರ್ಯ ಬಂತು. ಕೆರೆ ಕಟ್ಟಿಸಿದವರು ಯಾರು, ಅದರ ಕೆಳಗಿನ ಗದ್ದೆ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಕೇರಿ ಊರಾಚೆ ಏಕಿದೆ, ತೇರಿಗೆ ಮೊದಲು ಕೈಹಚ್ಚುವ ಹಕ್ಕು ಒಂದೇ ಮನೆತನಕ್ಕೆ ಹೇಗೆ ಬಂತು, ಇವು ಯಾವುವೂ ಅಲ್ಲಿ ಸಿಗುವುದಿಲ್ಲ. ಊರಿನವರು ಇಂದಿಗೂ ಬದುಕುತ್ತಿರುವುದು ಈ ಏರ್ಪಾಡುಗಳ ಒಳಗೇ. ಅವು ಯಾವ ಕಾಲದಲ್ಲಿ, ಯಾರ ತೀರ್ಮಾನದಿಂದ ಹುಟ್ಟಿದವು ಎಂದು ಆಧಾರಸಹಿತ ಹೇಳುವುದೇ ಊರಿನ ಚರಿತ್ರೆ. ಕರ್ನಾಟಕದ ಯಾವುದೇ ಹಳ್ಳಿಯ ಮಟ್ಟಿಗೆ ಈ ಕೆಲಸವನ್ನು ಮೂರು ನಾಲ್ಕು ಜನರ ಗುಂಪು ವರ್ಷದೊಳಗೆ ಮಾಡಬಹುದು. ವಿಶ್ವವಿದ್ಯಾಲಯದ ಪದವಿ ಬೇಕಿಲ್ಲ. ಶಿಸ್ತು ಮಾತ್ರ ಬೇಕೇ ಬೇಕು.

ಮೊದಲು ಪ್ರಶ್ನೆ, ಆಮೇಲೆ ನಕ್ಷೆ

ರಾಜವಂಶದಿಂದ ಶುರು ಮಾಡಬೇಡಿ. ಇಂದು ಕಣ್ಣಿಗೆ ಕಾಣುವ ಆರು ಸಂಗತಿಗಳನ್ನು ಪ್ರಶ್ನೆಯಾಗಿ ಬರೆದುಕೊಳ್ಳಿ. ಕೆರೆ ನೀರಿನ ಸರದಿ ಯಾರಿಂದ ಶುರುವಾಗುತ್ತದೆ? ಸ್ಮಶಾನ ಎಷ್ಟಿವೆ, ಪ್ರತಿಯೊಂದಕ್ಕೂ ದಾರಿ ಯಾವ ಸರ್ವೆ ನಂಬರಿನ ಮೇಲೆ ಹೋಗುತ್ತದೆ? ಗೋಮಾಳ ಎಷ್ಟಿತ್ತು, ಎಷ್ಟು ಉಳಿದಿದೆ? ಊರಿನಲ್ಲಿ ಎಷ್ಟು ಮನೆಮಾತುಗಳಿವೆ? ದೇವರ ಉತ್ಸವದಲ್ಲಿ ಯಾವ ಕೆಲಸ ಯಾವ ಕುಲಕ್ಕೆ ಸೇರಿದ್ದು? ಊರು ಬಿಟ್ಟು ಹೋದವರು ಯಾರು, ಹೊಸದಾಗಿ ಬಂದು ನೆಲೆಸಿದವರು ಯಾರು? ನಿಮ್ಮೂರಿಗೆ ಪ್ರಶ್ನೆಗಳು ಬೇರೆಯಾಗಬಹುದು. ಆದರೆ ಪ್ರತಿ ಪ್ರಶ್ನೆಗೂ ಒಂದು ಜಾಗವೋ ಒಂದು ಹಕ್ಕೋ ಗುರುತಾಗಿ ಇರಬೇಕು. ‘ನಮ್ಮ ಸಂಸ್ಕೃತಿ ಎಂಥದ್ದು’ ಎಂಬಂಥ ಪ್ರಶ್ನೆಗೆ ಆಧಾರ ಹುಡುಕಲು ಬರುವುದಿಲ್ಲ.

ಮುಂದಿನ ಕೆಲಸ ಗ್ರಾಮ ನಕ್ಷೆ. ಸರ್ವೆ ನಂಬರುಗಳಿರುವ ಕಂದಾಯ ನಕ್ಷೆಯನ್ನು ಭೂಮಾಪನ ಇಲಾಖೆಯ ಜಾಲತಾಣದಿಂದ ಇಳಿಸಿಕೊಳ್ಳಬಹುದು, ಇಲ್ಲವೇ ತಾಲ್ಲೂಕು ಸರ್ವೆ ಕಚೇರಿಯಲ್ಲಿ ನಕಲು ಪಡೆಯಬಹುದು. ಅದನ್ನು ದೊಡ್ಡದಾಗಿ ನಾಲ್ಕು ಪ್ರತಿ ತೆಗೆಸಿ. ಒಂದರಲ್ಲಿ ನೀರು: ಕೆರೆ, ತೂಬು, ಕೋಡಿ, ಕಾಲುವೆ, ಬಾವಿ. ಎರಡನೆಯದರಲ್ಲಿ ಗುಡಿ, ಮಸೀದಿ, ದರ್ಗಾ, ಕಟ್ಟೆ, ಶಾಸನ, ವೀರಗಲ್ಲು, ಸ್ಮಶಾನ. ಮೂರನೆಯದರಲ್ಲಿ ಕೇರಿಗಳು. ನಾಲ್ಕನೆಯದರಲ್ಲಿ ಗೋಮಾಳ, ಗುಂಡುತೋಪು, ಇನಾಮು (ಸೇವೆಗೋ ದೇವರಿಗೋ ಬಿಟ್ಟ ಭೂಮಿ), ಖರಾಬು (ಸಾಗುವಳಿಗೆ ಬಾರದ ನೆಲ). ಪ್ರತಿ ಹೊಲದ ಸರ್ವೆ ನಂಬರಿನ ಪಕ್ಕದಲ್ಲಿ ಜನ ಕರೆಯುವ ಹೆಸರನ್ನೂ ಬರೆಯಿರಿ. ಹಳೆಯ ಪತ್ರಗಳಲ್ಲಿ ನಂಬರು ಇರುವುದಿಲ್ಲ, ಹೊಲದ ಹೆಸರಿರುತ್ತದೆ. ಈ ಜೋಡಣೆ ಇಲ್ಲದಿದ್ದರೆ ಮುಂದೆ ಶಾಸನ ಒಂದು ಕಡೆ, ಪಹಣಿ ಇನ್ನೊಂದು ಕಡೆ ಉಳಿದುಬಿಡುತ್ತವೆ.

ಇಲ್ಲಿ ಆಗುವ ತಪ್ಪು ಒಂದೇ, ಆದರೆ ದೊಡ್ಡದು: ಊರ ಮುಖಂಡರೊಬ್ಬರನ್ನು ಕರೆದುಕೊಂಡು ಒಂದೇ ಸುತ್ತು ಹಾಕುವುದು. ಅವರು ನಡೆಯುವ ದಾರಿಯೇ ಊರಾಗಿಬಿಡುತ್ತದೆ. ಪ್ರತಿ ಕೇರಿಯಿಂದ ಒಬ್ಬ ಹಿರಿಯರ ಜೊತೆ, ಅದರಲ್ಲಿ ಹೆಂಗಸರೂ ಇರುವಂತೆ, ಬೇರೆ ಬೇರೆಯಾಗಿ ನಡೆಯಿರಿ. ಒಂದೇ ಬಾವಿಗೆ ಎರಡು ಹೆಸರು, ಒಂದೇ ದಾರಿಗೆ ಎರಡು ಕಥೆ ಸಿಗುತ್ತದೆ. ಎರಡನ್ನೂ ಬರೆದುಕೊಳ್ಳಿ. ತಾಂಡಾ, ಗೊಲ್ಲರಹಟ್ಟಿ, ಹಾಡಿಗಳನ್ನು ಬಿಡಬೇಡಿ. ಇವು ಬಹುಕಾಲ ಕಂದಾಯ ಗ್ರಾಮಗಳಾಗಿ ದಾಖಲಾಗದೆ ಪಕ್ಕದ ಊರಿನ ಬಾಲವಾಗಿ ಉಳಿದಿದ್ದವು, ಹಾಗಾಗಿ ನಕ್ಷೆಯಲ್ಲಿ ಅವುಗಳ ಹೆಸರು ಕಾಣದಿರಬಹುದು. ಪಟ್ಟಿಯಲ್ಲಿ ‘ಬೇಚರಾಕ್’ ಎಂದು ನಮೂದಾದ ಗ್ರಾಮ ಪಕ್ಕದಲ್ಲಿದ್ದರೆ ಅಲ್ಲಿಗೂ ಹೋಗಿ. ಜನವಸತಿ ಹೋಗಿ ಹೆಸರಷ್ಟೇ ಉಳಿದ ಊರು ಅದು. ಬರ, ಪ್ಲೇಗು, ದಂಡು, ನೀರಿನ ಅಭಾವ, ಯಾವುದರಿಂದ ಬರಿದಾಯಿತು, ಜನ ಎಲ್ಲಿಗೆ ಬಂದರು ಎಂಬುದರಲ್ಲಿ ನಿಮ್ಮೂರಿನ ಒಂದು ಕೇರಿಯ ಹುಟ್ಟು ಇರಬಹುದು.

ಕಲ್ಲು ಓದುವುದು

ಶಾಸನ ಹುಡುಕಿಕೊಂಡು ಹೊಲಕ್ಕೆ ಹೋಗುವ ಮೊದಲು ಗ್ರಂಥಾಲಯಕ್ಕೆ ಹೋಗಿ. ಹಳೆ ಮೈಸೂರು ಮತ್ತು ಕೊಡಗಿನ ಸಾವಿರಾರು ಶಾಸನಗಳನ್ನು ಬಿ. ಎಲ್. ರೈಸ್ 1886ರಿಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಮೈಸೂರು ವಿಶ್ವವಿದ್ಯಾಲಯ 1972ರಿಂದ ಇವುಗಳ ಪರಿಷ್ಕೃತ ಆವೃತ್ತಿ ತಂದಿದೆ. ಮುಂಬೈ ಕರ್ನಾಟಕ, ಬಳ್ಳಾರಿ, ಕರಾವಳಿಗಳ ಶಾಸನಗಳಿಗೆ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆ ಮತ್ತು ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳನ್ನು ನೋಡಬೇಕು. ರೈಸ್ ಶಾಸನಗಳಿಗೆ ಸಂಖ್ಯೆ ಕೊಟ್ಟದ್ದು ತಾಲ್ಲೂಕುವಾರು, ಅದೂ ಆ ಕಾಲದ ತಾಲ್ಲೂಕು. ಇಂದಿನ ಚಾಮರಾಜನಗರ ಜಿಲ್ಲೆಯ ಊರನ್ನು (ಆಗ ಮದ್ರಾಸಿನಲ್ಲಿದ್ದ ಕೊಳ್ಳೇಗಾಲದ ಕಡೆಯದನ್ನು ಬಿಟ್ಟು) ಮೈಸೂರು ಸಂಪುಟದಲ್ಲಿ ಹುಡುಕಬೇಕು, ಏಕೆಂದರೆ ಆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಸಿಗಲಿಲ್ಲ ಎಂದು ಪುಸ್ತಕ ಮುಚ್ಚುವ ಮೊದಲು ಪಕ್ಕದ ಐದಾರು ಹಳ್ಳಿಗಳ ಶಾಸನಗಳನ್ನೂ ಓದಿ. ನಿಮ್ಮೂರಿನ ಹೆಸರು ಅಲ್ಲಿ ಗಡಿಯಾಗಿಯೋ ಸಾಕ್ಷಿಯ ಊರಾಗಿಯೋ ಬಂದಿರಬಹುದು.

ಶಾಸನದ ಮೊದಲ ಭಾಗ ರಾಜನ ಬಿರುದಾವಳಿ, ಕೊನೆಯ ಭಾಗ ದಾನ ಕೆಡಿಸಿದವರಿಗೆ ಶಾಪ. ನಿಮಗೆ ಬೇಕಾದದ್ದು ನಡುವೆ ಇರುತ್ತದೆ. ಭೂಮಿಯ ಎಲ್ಲೆಗಳು (ಮೂಡಣಕ್ಕೆ ಇಂಥ ಹಳ್ಳ, ತೆಂಕಣಕ್ಕೆ ಇಂಥ ಕೆರೆ), ತೆರಿಗೆಯ ಹೆಸರುಗಳು, ಸಾಕ್ಷಿಗಳು, ದಾನದ ಷರತ್ತು. ಎಲ್ಲೆಗಳನ್ನು ನಕ್ಷೆಯ ಮೇಲೆ ಹಾಕಿ ನೋಡಿ. ಮಗ್ಗದೆರೆ, ಗಾಣದೆರೆ ಎಂದಿದ್ದರೆ ನೇಕಾರರೂ ಗಾಣಿಗರೂ ಆಗಲೇ ಊರಿನಲ್ಲಿದ್ದರು ಎಂದು ತಿಳಿಯುತ್ತದೆ. ಬಿತ್ತುವಟ್ಟ ಎಂದರೆ ಕೆರೆ ಕಟ್ಟಿಸಿದವರಿಗೆ ಅಥವಾ ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿ, ನೆತ್ತರುಗೊಡಗೆ ಎಂದರೆ ಹೋರಾಡಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ. ನೆಲದ ಮೇಲಿನ ಹಕ್ಕು ಹೇಗೆ ಹುಟ್ಟುತ್ತಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇರೆ ಸಿಗದು. ಆದರೆ ಒಂದು ಎಚ್ಚರ ಇರಲಿ. ಭೂಮಿ ಪಡೆದವರನ್ನು ಶಾಸನ ಹೆಸರಿಸುತ್ತದೆ, ಅದೇ ಭೂಮಿಯನ್ನು ಉತ್ತವರ ಹೆಸರು ಬಹುಪಾಲು ಇರುವುದಿಲ್ಲ. ಶಾಸನವೊಂದನ್ನೇ ನಂಬಿ ಬರೆದ ಚರಿತ್ರೆ ಊರಿನ ಅರ್ಧ ಜನರನ್ನು ಬಿಟ್ಟಿರುತ್ತದೆ.

ಸಮುದಾಯಗಳ ನಡುವಿನ ಹಕ್ಕಿನ ತಗಾದೆಯೂ ಕಲ್ಲಿನ ಮೇಲೆ ಬಂದಿದೆ. ಶ್ರವಣಬೆಳಗೊಳದ 1368ರ ಶಾಸನದಲ್ಲಿ ವಿಜಯನಗರದ ಬುಕ್ಕರಾಯ ಜೈನರಿಗೂ ವೈಷ್ಣವರಿಗೂ ಆದ ಜಗಳ ತೀರಿಸಿ, ಜೈನರ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕನ್ನು ಎತ್ತಿಹಿಡಿಯುತ್ತಾನೆ. ವಾದ್ಯ ಯಾರ ಮುಂದೆ ನುಡಿಯಬೇಕು, ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು ಎಂಬ ಇಂದಿನ ವಿವಾದಗಳಿಗೂ ಹೀಗೆ ಹಿಂದಿನ ತೀರ್ಮಾನಗಳಿರುತ್ತವೆ. ಕಲ್ಲಿನಲ್ಲಿ ಇಲ್ಲದಿದ್ದರೆ ಪಂಚಾಯಿತಿ ಪತ್ರದಲ್ಲೋ ಕೋರ್ಟಿನ ತೀರ್ಪಿನಲ್ಲೋ ಇರುತ್ತವೆ.

ಅಕ್ಷರವಿಲ್ಲದ ಕಲ್ಲೂ ದಾಖಲೆಯೇ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗದ ಅಥವಾ ಜಿನನ ಸನ್ನಿಧಿ. ಕೆಳಗಿನ ಪಟ್ಟಿಕೆಯಲ್ಲಿ ದನಗಳಿದ್ದರೆ ತುರುಗೊಳ್, ಅಂದರೆ ದನಗಳ ಕೊಳ್ಳೆಯಲ್ಲಿ ನಡೆದ ಕಾಳಗ, ಎಂದು ಊಹಿಸಬಹುದು. ಮೇಲಿನ ಪಟ್ಟಿಕೆ ಆ ಮನೆಯ ಮತವನ್ನು ಸೂಚಿಸುತ್ತದೆ. ಕಂಬದಿಂದ ಚಾಚಿದ ಬಳೆತೊಟ್ಟ ತೋಳಿದ್ದರೆ ಅದು ಮಾಸ್ತಿಗಲ್ಲು, ಅಂದರೆ ಸತಿ ಹೋದವಳ ನೆನಪಿನ ಕಲ್ಲು. ಲಿಂಗಮುದ್ರೆ, ವಾಮನಮುದ್ರೆ, ಮುಕ್ಕೊಡೆ ಕೆತ್ತಿದ ಸಣ್ಣ ಕಲ್ಲುಗಳು ಕ್ರಮವಾಗಿ ಶೈವ, ವೈಷ್ಣವ, ಜೈನ ದತ್ತಿ ಭೂಮಿಯ ಎಲ್ಲೆಗಲ್ಲುಗಳು. ಇವುಗಳ ಜಾಗ ಬದಲಾಗಿರಬಹುದು. ಕೆರೆ ಏರಿಗೋ ಗುಡಿಯ ಮೆಟ್ಟಿಲಿಗೋ ಕಲ್ಲು ಸಾಗಿಸಿರುತ್ತಾರೆ. ಮೊದಲು ಎಲ್ಲಿತ್ತು ಎಂದು ಕೇಳದೆ ಕಲ್ಲು ನಿಂತ ಕಡೆಯೇ ಗಡಿ ಎಂದು ಬರೆಯಬೇಡಿ.

ಸ್ವಚ್ಛಮಾಡಲು ನೀರು ಮತ್ತು ಮೆತ್ತನೆಯ ಬ್ರಷ್ ಸಾಕು. ತಂತಿ ಬ್ರಷ್, ಆಸಿಡ್, ಎಣ್ಣೆ, ಬಣ್ಣ ಬೇಡವೇ ಬೇಡ. ಆಯಿಲ್ ಪೇಂಟ್ ಬಳಿದ ಶಾಸನದ ಅಕ್ಷರದ ಅಂಚು ತುಂಬಿಹೋಗುತ್ತದೆ, ಕೆರೆದು ತೆಗೆದರೆ ಅಕ್ಷರವೂ ಹೋಗುತ್ತದೆ. ಫೋಟೊವನ್ನು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆಯಿರಿ. ಇನ್ನೂ ಒಳ್ಳೆಯದೆಂದರೆ ಕತ್ತಲಾದ ಮೇಲೆ ಕಲ್ಲಿನ ಎಡಬದಿಯಿಂದ, ಆಮೇಲೆ ಬಲಬದಿಯಿಂದ, ಆಮೇಲೆ ಮೇಲಿನಿಂದ ಟಾರ್ಚ್ ಹಿಡಿದು ಮೂರು ಫೋಟೊ. ನೆಟ್ಟನೆ ಫ್ಲಾಷ್ ಹಾಕಿದರೆ ನೆರಳು ಬೀಳದೆ ಅಕ್ಷರ ಮಾಯವಾಗುತ್ತದೆ. ಚೌಕಟ್ಟಿನೊಳಗೆ ಒಂದು ಅಳತೆಪಟ್ಟಿ ಇರಲಿ. ಅಚ್ಚಾಗದ ಶಾಸನ ಎಂದು ಅನಿಸಿದರೆ ಕಾಗದದ ಪಡಿಯಚ್ಚು ತೆಗೆಯುವ ಸಾಹಸ ನೀವೇ ಮಾಡಬೇಡಿ. ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗಕ್ಕೋ ರಾಜ್ಯ ಪುರಾತತ್ವ ಇಲಾಖೆಗೋ ಬರೆಯಿರಿ. ಹೊಲದ ನಡುವಿನ ಒಂಟಿ ಕಲ್ಲಿನ ನಿಖರ ಜಾಗವನ್ನು ಜಾಲತಾಣದಲ್ಲಿ ಹಾಕಬೇಡಿ. ನಿಧಿಗಳ್ಳರು ಮೊದಲು ಅಗೆಯುವುದು ಇಂಥ ಕಲ್ಲುಗಳ ಬುಡವನ್ನೇ.

ಕಾಲ ಲೆಕ್ಕ ಹಾಕುವುದು

ಶಕ ವರ್ಷಕ್ಕೆ 78 ಸೇರಿಸಿದರೆ ಕ್ರಿಸ್ತಶಕ ಬರುತ್ತದೆ. ಶಾಸನದ ತಿಥಿ ಜನವರಿಯಿಂದ ಯುಗಾದಿಯೊಳಗೆ ಬಿದ್ದರೆ 79. ಲೆಕ್ಕ ಸರಿಯೇ ಎಂದು ನೋಡಲು ಸಂವತ್ಸರದ ಹೆಸರು ನೆರವಾಗುತ್ತದೆ. ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಕ್ರಮಸಂಖ್ಯೆ, ಸೊನ್ನೆ ಉಳಿದರೆ 60ನೆಯದಾದ ಅಕ್ಷಯ. ಬೇಲೂರಿನ ವಿಷ್ಣುವರ್ಧನನ ಶಾಸನ ಶಕ 1039, ಹೇವಿಳಂಬಿ. 1039ಕ್ಕೆ 12 ಕೂಡಿದರೆ 1051, 60ರಿಂದ ಭಾಗಿಸಿದರೆ ಶೇಷ 31, ಹೇವಿಳಂಬಿ 31ನೆಯದು. ಹಾಗಾಗಿ ಕ್ರಿ.ಶ. 1117 ಸರಿ. ಒಂದು ವರ್ಷ ಹೆಚ್ಚುಕಡಿಮೆ ಬಂದರೆ ಗಾಬರಿ ಬೇಡ. ಕೆಲವು ಶಾಸನಗಳು ಕಳೆದ ವರ್ಷವನ್ನು ಎಣಿಸುತ್ತವೆ, ಕೆಲವು ನಡೆಯುತ್ತಿರುವ ವರ್ಷವನ್ನು. ಹತ್ತಿಪ್ಪತ್ತು ವರ್ಷ ತಪ್ಪಿದರೆ ಮಾತ್ರ ಓದಿನಲ್ಲೇ ದೋಷವಿದೆ ಎಂದರ್ಥ. ಚಾಲುಕ್ಯ ವಿಕ್ರಮ ವರ್ಷವಾದರೆ 1075 ಸೇರಿಸಿ. ಹೈದರಾಬಾದ್ ಮತ್ತು ಮದ್ರಾಸ್ ಕಂದಾಯ ಕಾಗದಗಳ ಫಸಲಿ ವರ್ಷಕ್ಕೆ 590 ಸೇರಿಸಿ.

ಇದೇ ಲೆಕ್ಕ ಹಿರಿಯರ ಮಾತಿಗೂ ಬೇಕಾಗುತ್ತದೆ. ‘ಧಾತು ಬರದಲ್ಲಿ ನಮ್ಮೋರು ಇಲ್ಲಿಗೆ ಬಂದರು’ ಎಂದರೆ ಧಾತು ಸಂವತ್ಸರ, ಶಕ 1798, ಅಂದರೆ 1876ರಿಂದ 1878ರವರೆಗಿನ ಮಹಾ ಬರಗಾಲದ ಮೊದಲ ವರ್ಷ. ಮುಂದಿನ ವರ್ಷ ಈಶ್ವರ. ಇಂಥ ಒಂದು ಮಾತಿನಿಂದ ಒಂದು ವಲಸೆಯ ಕಾಲ ನಿಖರವಾಗಿ ಸಿಕ್ಕಿಬಿಡುತ್ತದೆ.

ಹಣ, ಅಳತೆಗಳಲ್ಲಿ ಅವಸರ ಬೇಡ. ಒಂದು ಖಂಡುಗಕ್ಕೆ 20 ಕೊಳಗ ಎಂಬುದು ನಿಜ, ಆದರೆ ಕೊಳಗದ ಗಾತ್ರ ಊರಿಂದ ಊರಿಗೆ, ಒಡೆಯನಿಂದ ಒಡೆಯನಿಗೆ ಬೇರೆ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರವೂ ಒಂದು ತಕರಾರಾಗಿತ್ತು. ಶಾಸನದಲ್ಲಿ ಬರುವ ನೆಲದ ಅಳತೆಯಾದ ಮತ್ತರನ್ನು ಎಕರೆಗೆ ತಿರುಗಿಸಿ ಬರೆಯುವ ಬದಲು ಮತ್ತರೆಂದೇ ಬಿಡಿ.

ಭೂಮಿಯ ಕಾಗದ

ಊರಿನ ನಿಜವಾದ ಚರಿತ್ರೆ ಹೆಚ್ಚಾಗಿ ಸಿಗುವುದು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ. ಎಲ್ಲ ಸರ್ವೆ ನಂಬರುಗಳನ್ನೂ ಹುಡುಕಲು ಹೊರಟರೆ ವರ್ಷವೆಲ್ಲ ಅದೇ ಆಗುತ್ತದೆ. ಹನ್ನೆರಡರಿಂದ ಹದಿನೈದು ನಂಬರು ಆರಿಸಿ: ಕೆರೆ ಕೆಳಗಿನ ಎರಡು ಮೂರು, ದೇವಸ್ಥಾನದ ಇನಾಮು, ತೋಟಿ ತಳವಾರಿಕೆಯ (ಊರ ಚಾಕರಿ, ಕಾವಲಿನ) ಇನಾಮು, ಶಾನುಭೋಗಿಕೆ ಅಥವಾ ಕುಲಕರ್ಣಿಕೆಯ (ಊರ ಲೆಕ್ಕ ಬರೆಯುವ ಹುದ್ದೆಯ) ಭೂಮಿ, ಗೋಮಾಳ, ಸ್ಮಶಾನ, ಕೇರಿಗಳ ನಿವೇಶನ. ಪ್ರತಿಯೊಂದಕ್ಕೂ ಇಂದಿನಿಂದ ಹಿಂದಕ್ಕೆ ನಡೆಯಿರಿ. ಮೊದಲು ಗಣಕೀಕೃತ ಪಹಣಿ, ಆಮೇಲೆ ಕೈಬರಹದ ಪಹಣಿ, ಮ್ಯುಟೇಶನ್ ರಿಜಿಸ್ಟರ್, ಹಕ್ಕುದಾಖಲೆ, ಕೊನೆಗೆ ಮೂಲ ಸರ್ವೆಯ ಟಿಪ್ಪಣಿ ಮತ್ತು ಆಕಾರಬಂದ್ (ಪ್ರತಿ ನಂಬರಿನ ವಿಸ್ತೀರ್ಣ, ಕಂದಾಯದ ಪಟ್ಟಿ).

ಪಹಣಿಯ 9ನೇ ಕಲಂನಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಸ್ವಾಧೀನಕ್ಕೆ ಬಂದ ರೀತಿ, 11ರಲ್ಲಿ ಇತರ ಹಕ್ಕು ಮತ್ತು ಋಣ, 12ರಲ್ಲಿ ಸಾಗುವಳಿ ವಿವರ. 9 ಮತ್ತು 12ನೇ ಕಲಂಗಳ ಹೆಸರು ಬೇರೆಯಾಗಿರುವ ವರ್ಷಗಳನ್ನು ಗುರುತು ಹಾಕಿ. ಗೇಣಿ ಕಾಣುವುದು ಅಲ್ಲೇ. ಬದಲಾವಣೆಯಾದ ವರ್ಷ ಸಿಕ್ಕಿದ ಕೂಡಲೇ ಕಾನೂನಿನ ವರ್ಷಗಳ ಜೊತೆ ಹೋಲಿಸಿ. ಹಳೆ ಮೈಸೂರಿನಲ್ಲಿ ವೈಯಕ್ತಿಕ ಇನಾಮು ರದ್ದಾದದ್ದು 1954ರ ಕಾಯ್ದೆಯಿಂದ, ಧಾರ್ಮಿಕ ಇನಾಮು 1955ರ ಕಾಯ್ದೆಯಿಂದ. ವಂಶಪಾರಂಪರ್ಯವಾಗಿ ಬಂದ ಪಟೇಲ, ಶಾನುಭೋಗ, ತೋಟಿ, ತಳವಾರ, ನೀರಗಂಟಿ ಹುದ್ದೆಗಳು 1961ರ ಗ್ರಾಮ ಹುದ್ದೆ ರದ್ದತಿ ಕಾಯ್ದೆಯಿಂದ ಹೋದವು. ಅದು ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಹುದ್ದೆಗೆ ಅಂಟಿದ ಭೂಮಿಯನ್ನು ಹುದ್ದೆದಾರರಿಗೇ ಮರುಮಂಜೂರು ಮಾಡಬೇಕಿತ್ತು. ಮರುಮಂಜೂರಾತಿ ಯಾರಿಗೆ ಆಯಿತು, ಯಾರಿಗೆ ಆಗಲಿಲ್ಲ, ಆದ ಮೇಲೆ ಎಷ್ಟು ವರ್ಷದಲ್ಲಿ ಭೂಮಿ ಕೈಬಿಟ್ಟಿತು ಎಂದು ಹುಡುಕಿ. ತೋಟಿ, ತಳವಾರಿಕೆಯ ಭೂಮಿಯ ಮಟ್ಟಿಗೆ ಇದು ಊರಿನ ಅತಿ ಮುಖ್ಯ ಪ್ರಶ್ನೆ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆಯಾಗದಂತೆ 1978ರಲ್ಲಿ ಪ್ರತ್ಯೇಕ ಕಾಯ್ದೆಯೇ ಬರಬೇಕಾಯಿತು ಎಂಬುದರಿಂದ ಆ ನಷ್ಟ ಎಷ್ಟು ವ್ಯಾಪಕವಾಗಿತ್ತು ಎಂದು ತಿಳಿಯುತ್ತದೆ.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ಭೂಮಿ ಸರ್ಕಾರಕ್ಕೆ ಸೇರಿ, ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯಿಂದ ಅಧಿಭೋಗದ ಹಕ್ಕು ಪಡೆಯುವ ದಾರಿಯಾಯಿತು. ಅರ್ಜಿಗೆ ಕೊನೆಯ ಅವಧಿ 1979ರ ಜೂನ್ 30ರವರೆಗೂ ವಿಸ್ತರಣೆಯಾಯಿತು. ಮಂಡಳಿಯ ನಡವಳಿಗಳು ಚರಿತ್ರೆಕಾರರಿಗೆ ಚಿನ್ನದಂಥವು. ಒಡೆಯನ ಹೇಳಿಕೆ, ಗೇಣಿದಾರನ ಹೇಳಿಕೆ, ಪಕ್ಕದ ಹೊಲದವನ ಸಾಕ್ಷಿ ಎಲ್ಲವೂ ಅವರವರ ಮಾತಿನಲ್ಲೇ ದಾಖಲಾಗಿವೆ. ಗೆದ್ದ ಅರ್ಜಿಗಳಷ್ಟನ್ನೇ ಎಣಿಸಬೇಡಿ. ವಜಾ ಆದವು, ವಾಪಸು ಪಡೆದವು, ಹಾಕದೇ ಬಿಟ್ಟವು ಎಷ್ಟು, ಏಕೆ ಎಂದು ಕೇಳಿ. ಒಡೆಯನ ಮೇಲಿನ ಹಂಗಿಗೋ ಭಯಕ್ಕೋ ಅರ್ಜಿ ಹಾಕದವರ ವಿಷಯ ಯಾವ ಕಡತದಲ್ಲೂ ಇರುವುದಿಲ್ಲ, ಮಾತಿನಲ್ಲಿ ಮಾತ್ರ ಸಿಗುತ್ತದೆ.

ಕಡತ ಕೊಡಲು ಹಿಂದುಮುಂದು ನೋಡಿದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಉತ್ತರಕ್ಕೆ 30 ದಿನ. ‘ಊರಿನ ಎಲ್ಲ ದಾಖಲೆ ಕೊಡಿ’ ಎಂದರೆ ತಿರಸ್ಕಾರ ಖಚಿತ. ಸರ್ವೆ ನಂಬರು, ರಿಜಿಸ್ಟರಿನ ಹೆಸರು, ವರ್ಷ ಮೂರನ್ನೂ ಬರೆಯಿರಿ.

ಕಾಗದದಲ್ಲಿ ಮೋಸಹೋಗುವ ಕಡೆಗಳೂ ಇವೆ. ಒಂದೇ ಊರಿನಲ್ಲಿ ಒಂದೇ ಹೆಸರಿನ ನಾಲ್ವರು ಇರುತ್ತಾರೆ. ತಂದೆಯ ಹೆಸರು, ಖಾತೆ ನಂಬರು ಸೇರಿಸದೆ ಯಾರನ್ನೂ ಗುರುತಿಸಬೇಡಿ. ಹೆಂಗಸರ ಹೆಸರು ಕಾಣಿಸುವುದು ಹೆಚ್ಚಾಗಿ ಗಂಡ ಸತ್ತ ಮೇಲೆ. ಹಾಗೆಂದು ಅದಕ್ಕೂ ಮೊದಲು ಅವರು ದುಡಿಯಲಿಲ್ಲ ಎಂದಲ್ಲ. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ತಂದೆಯ ಕಸುಬು, ಜಾತಿ, ಬಿಟ್ಟುಹೋದ ಕಾರಣ ಸಿಗುತ್ತವೆ. ಹುಟ್ಟಿದ ದಿನಾಂಕ ಮಾತ್ರ ನಂಬಬೇಡಿ, ಸಾಲಾಗಿ ಜೂನ್ 1 ಎಂದಿದ್ದರೆ ಅದು ಮೇಷ್ಟ್ರು ಅಂದಾಜಿಸಿ ಬರೆದದ್ದು.

ನಿಮ್ಮೂರು ಯಾವ ಸೀಮೆಯಲ್ಲಿತ್ತು?

1956ರ ನವೆಂಬರ್ 1ಕ್ಕೆ ಮೊದಲು ಊರು ಯಾವ ಸರ್ಕಾರದ ಕೆಳಗಿತ್ತು ಎಂದು ಮೊದಲೇ ತಿಳಿದುಕೊಂಡರೆ ಬಹಳ ಅಲೆದಾಟ ತಪ್ಪುತ್ತದೆ. ಬೆಳಗಾವಿ, ವಿಜಯಪುರ, ಧಾರವಾಡ, ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿದ್ದವು. ಹಳೆಯ ಕಾಗದಗಳಲ್ಲಿ ಮರಾಠಿ, ಅದೂ ಮೋಡಿ ಲಿಪಿ ಸಿಗಬಹುದು. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಹೈದರಾಬಾದಿನಲ್ಲಿದ್ದವು, ದಾಖಲೆ ಉರ್ದುವಿನಲ್ಲಿ. ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ಮದ್ರಾಸಿನಲ್ಲಿದ್ದವು. ಬಳ್ಳಾರಿಯೂ ಅಲ್ಲೇ ಇತ್ತು, ಮೈಸೂರಿಗೆ ಬಂದದ್ದು 1953ರ ಅಕ್ಟೋಬರ್ 1ರಂದು. ಕೊಡಗು ಪ್ರತ್ಯೇಕ ರಾಜ್ಯ. ಹಾಗಾಗಿ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಸಿಗದ ಕಡತ ಮುಂಬೈ, ಚೆನ್ನೈ, ಹೈದರಾಬಾದ್ ಪತ್ರಾಗಾರಗಳಲ್ಲಿ ಇರಬಹುದು. ಮೋಡಿ ಅಥವಾ ಉರ್ದು ಓದಬಲ್ಲ ಹಿರಿಯರು ಬೇಗ ಕಡಿಮೆಯಾಗುತ್ತಿದ್ದಾರೆ. ಅಂಥವರನ್ನು ಇಂದೇ ಹುಡುಕಿ, ಕಾಗದ ಆಮೇಲೆ ಹುಡುಕಿದರೂ ನಡೆದೀತು.

ಈ ಹಳೆಯ ಗಡಿಗಳು ಇಂದಿನ ಹಕ್ಕುಗಳಲ್ಲೂ ಉಳಿದಿವೆ. ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲಿನ ಪ್ರಶ್ನೆಗೆ ಮೈಸೂರು ಸಂಸ್ಥಾನ 1918ರಲ್ಲೇ ಮಿಲ್ಲರ್ ಸಮಿತಿ ನೇಮಿಸಿತು. ಅತ್ತ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಶಿಕ್ಷಣ, ಉದ್ಯೋಗದಲ್ಲಿ ವಿಶೇಷ ಅವಕಾಶ ಕೊಡುವ 371ಜೆ ವಿಧಿ ಸಂವಿಧಾನಕ್ಕೆ ಸೇರಲು 2012ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಊರಿನಲ್ಲಿ ಮೊದಲ ಶಾಲೆ ಯಾವಾಗ, ಯಾವ ಮಾಧ್ಯಮದಲ್ಲಿ ಬಂತು, ಮೊದಲು ಸರ್ಕಾರಿ ಕೆಲಸಕ್ಕೆ ಸೇರಿದವರು ಯಾವ ಕೇರಿಯವರು ಎಂಬ ವಿವರಗಳನ್ನು ಈ ಹಿನ್ನೆಲೆಯ ಪಕ್ಕದಲ್ಲೇ ಇಡಿ. ಆಗ ಅವು ಬಿಡಿ ಸುದ್ದಿಗಳಾಗಿ ಉಳಿಯುವುದಿಲ್ಲ.

ಮಾತು ಕೇಳುವುದು

ಒಬ್ಬರ ಜೊತೆ ಒಂದು ಸಲಕ್ಕೆ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಹಿರಿಯರು ದಣಿದರೆ ‘ಹೂಂ’ ಎಂದು ತಲೆಯಾಡಿಸಲು ಶುರುಮಾಡುತ್ತಾರೆ, ಆಗ ನೀವು ಕೇಳಿದ್ದೇ ಉತ್ತರವಾಗುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವಾಗ ಏರೋಪ್ಲೇನ್ ಮೋಡ್ ಹಾಕಿ, ಫೋನನ್ನು ಅವರಿಂದ ಎರಡು ಮೂರು ಅಡಿ ದೂರದಲ್ಲಿ ಬಟ್ಟೆಯ ಮೇಲೆ ಇಡಿ. ಫ್ಯಾನು, ಟಿವಿ ಆರಿಸಿ. ಶುರುವಿನಲ್ಲೇ ದಿನಾಂಕ, ಊರು, ಮಾತಾಡುವವರ ಹೆಸರು ಹೇಳಿ, ‘ಇದನ್ನು ಪುಸ್ತಕದಲ್ಲಿ ಬಳಸಬಹುದೇ, ಹೆಸರು ಹಾಕಬಹುದೇ’ ಎಂದು ಕೇಳಿ ಉತ್ತರವನ್ನೂ ರೆಕಾರ್ಡ್ ಮಾಡಿಕೊಳ್ಳಿ. ಅಂದೇ ಎರಡು ಕಡೆ ನಕಲು ಇಡಿ. ಒಂದು ಗಂಟೆಯ ಮಾತು ಬರೆದಿಳಿಸಲು ಐದಾರು ಗಂಟೆಯಾದರೂ ಬೇಕು. ಇದನ್ನು ಲೆಕ್ಕಕ್ಕೆ ಹಿಡಿಯದೆ ಐವತ್ತು ಸಂದರ್ಶನ ಮಾಡಿ ಒಂದನ್ನೂ ಬರೆದಿಳಿಸದ ಗುಂಪುಗಳು ಬಹಳ. ಹದಿನೈದು ಮಾಡಿ, ಹದಿನೈದನ್ನೂ ಬರೆದಿಳಿಸಿ.

ಕೂರುವ ಜಾಗ ಉತ್ತರವನ್ನೇ ಬದಲಿಸುತ್ತದೆ. ಕೇರಿಯವರನ್ನು ಊರ ಕಟ್ಟೆಗೆ ಕರೆಸಿ, ಗೌಡರ ಮನೆಯವರ ಎದುರಿಗೆ ಜೀತದ ಬಗ್ಗೆ ಕೇಳಿದರೆ ‘ಎಲ್ಲ ಚೆನ್ನಾಗಿತ್ತು’ ಎಂಬ ಉತ್ತರವೇ ಬರುವುದು. ಅವರ ಮನೆಗೆ ಹೋಗಿ, ಅವರು ಕೂರಿಸಿದ ಕಡೆ ಕುಳಿತು ಕೇಳಿ. ಹೆಂಗಸರನ್ನು ಹೆಂಗಸರೇ ಕೇಳುವುದು ಒಳ್ಳೆಯದು. ತವರಿನ ಊರಿಗೂ ಗಂಡನ ಊರಿಗೂ ಇದ್ದ ವ್ಯತ್ಯಾಸ ಅವರಿಗೆ ಗೊತ್ತಿರುವಷ್ಟು ಮತ್ತಾರಿಗೂ ಗೊತ್ತಿರುವುದಿಲ್ಲ.

‘ಆಗ ಅಸ್ಪೃಶ್ಯತೆ ಇತ್ತೇ’ ಎಂದು ಕೇಳಿದರೆ ಹೌದು, ಇಲ್ಲ ಎಂಬ ಎರಡೇ ಉತ್ತರ. ಅದರ ಬದಲು ಬೇಸಗೆಯಲ್ಲಿ ನೀರು ಎಲ್ಲಿಂದ ತರುತ್ತಿದ್ದಿರಿ, ಕೊಡಕ್ಕೆ ಯಾರು ಹೊಯ್ಯುತ್ತಿದ್ದರು, ಹೋಟೆಲಿನಲ್ಲಿ ಲೋಟ ಎಲ್ಲಿ ಇಡುತ್ತಿದ್ದರು, ಊರಲ್ಲಿ ಯಾರಾದರೂ ಸತ್ತರೆ ಸುದ್ದಿ ಒಯ್ಯುವವರು ಯಾರು, ಅವರಿಗೆ ಕೊಡುತ್ತಿದ್ದದ್ದೇನು, ಸುಗ್ಗಿಯಲ್ಲಿ ಕಣದಿಂದ ಆಯಗಾರರಿಗೆ (ಊರ ಕೆಲಸಕ್ಕೆ ಧಾನ್ಯದ ಪಾಲು ಪಡೆಯುತ್ತಿದ್ದ ಕಸುಬಿನವರಿಗೆ) ಎಷ್ಟು ಅಳೆಯುತ್ತಿದ್ದರು, ಅದು ಯಾವಾಗ ನಿಂತಿತು ಎಂದು ಕೇಳಿ. ‘ನಿಂತದ್ದು ಯಾವಾಗ’ ಎಂಬ ಪ್ರಶ್ನೆಗೆ ಬರುವ ಉತ್ತರಗಳಲ್ಲೇ ಊರಿನ ತಿರುವುಗಳಿವೆ. ವರ್ಷ ನೆನಪಿಲ್ಲದಿದ್ದರೆ ಗೊತ್ತಿರುವ ಘಟನೆಗೆ ಕಟ್ಟಿ: ಮೊದಲ ಚುನಾವಣೆ (1951–52), ಹೊಸ ಪೈಸೆ ಬಂದದ್ದು (1957), ರಜಾಕಾರರ ಹಾವಳಿ (1947–48), ಎಪ್ಪತ್ತೆರಡರ ಬರ, ತುರ್ತುಪರಿಸ್ಥಿತಿ (1975–77). ಅದಕ್ಕೂ ಮೊದಲೋ ಆಮೇಲೋ ಎಂದು ಕೇಳಿದರೆ ಐದು ವರ್ಷದ ಒಳಗೆ ಕಾಲ ಸಿಗುತ್ತದೆ.

ಬರೆದಿಳಿಸುವಾಗ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ‘ಹೋಗಿದ್ದೆವು’ ಎಂದು ಅವರು ಹೇಳಿರದಿದ್ದರೆ ಬರೆಯಬೇಡಿ. ‘ಹೋಗಿದ್ವಿ’, ‘ಹೋಗಿದ್ದೊ’, ‘ಹೋಗಿದ್ದಿವ್ರಿ’, ಹೇಗೆ ಅಂದರೋ ಹಾಗೆಯೇ ಇರಲಿ.

ಮನೆಮಾತಿನ ಎಣಿಕೆ

ಪ್ರತಿ ಕೇರಿಯಿಂದ ಹತ್ತು ಮನೆ ಆರಿಸಿ, ಮೂರು ತಲೆಮಾರಿಗೆ ನಾಲ್ಕು ಸಂಗತಿ ಬರೆಯಿರಿ: ಮನೆಯಲ್ಲಿ ಆಡುವ ಮಾತು, ಬೀದಿಯಲ್ಲಿ ಆಡುವ ಮಾತು, ಶಾಲೆಯಲ್ಲಿ ಕಲಿತದ್ದು, ಪ್ರಾರ್ಥನೆ ಅಥವಾ ಹಾಡಿನ ಮಾತು. ತೆಲುಗು, ತಮಿಳು, ಉರ್ದು, ಮರಾಠಿ, ತುಳು, ಲಂಬಾಣಿ, ಹಕ್ಕಿಪಿಕ್ಕಿಯವರ ಮಾತು, ಯಾವುದು ಯಾವ ತಲೆಮಾರಿನಲ್ಲಿ ಮನೆ ಬಿಟ್ಟಿತು ಎಂಬುದು ಕಣ್ಣಿಗೆ ಕಾಣುತ್ತದೆ. ಹೊರಗಿನವರು ಕೇಳಿದಾಗ ಬಹಳ ಜನ ‘ಕನ್ನಡ’ ಎಂದೇ ಹೇಳುತ್ತಾರೆ. ಅಜ್ಜಿ ಮಗುವನ್ನು ಮಲಗಿಸುವುದು ಯಾವ ಮಾತಿನಲ್ಲಿ ಎಂದು ಕೇಳಿದರೆ ನಿಜ ತಿಳಿಯುತ್ತದೆ. ಜನಗಣತಿಯ ಅಂಕಿಗಳನ್ನೇ ನೆಚ್ಚಿಕೊಂಡರೆ ಇದು ಸಿಗುವುದಿಲ್ಲ. 1971ರಿಂದ ಜನಗಣತಿ 10,000ಕ್ಕಿಂತ ಕಡಿಮೆ ಮಂದಿ ಆಡುವ ಭಾಷೆಗಳನ್ನು ಪ್ರತ್ಯೇಕವಾಗಿ ಹೆಸರಿಸುವುದಿಲ್ಲ, ಲಂಬಾಣಿಯನ್ನು ಹಿಂದಿಯ ಗುಂಪಿನೊಳಗೆ ಸೇರಿಸುತ್ತದೆ. ತಾಂಡಾಗಳಿರುವ ತಾಲ್ಲೂಕಿನಲ್ಲಿ ‘ಹಿಂದಿ’ ಸಂಖ್ಯೆ ಹೆಚ್ಚು ಕಂಡರೆ ಉತ್ತರ ಭಾರತದವರು ಬಂದು ನೆಲೆಸಿದ್ದಾರೆ ಎಂದು ಬರೆದುಬಿಡಬೇಡಿ.

ಊರ ಹೆಸರಿನ ವ್ಯುತ್ಪತ್ತಿಗೆ ಒಂದು ಅಧ್ಯಾಯ ಮೀಸಲಿಡುವ ರೂಢಿ ಇದೆ. ಅರ್ಧ ಪುಟ ಸಾಕು. ಅತಿ ಹಳೆಯ ಶಾಸನದಲ್ಲಿ ಹೆಸರು ಯಾವ ರೂಪದಲ್ಲಿದೆ ಎಂದು ಕೊಟ್ಟು ಮುಂದೆ ಹೋಗಿ.

ಬರೆಯುವುದು, ಅಚ್ಚು ಹಾಕುವುದು

ಮೊದಲು ಬರೆದ ಆರು ಪ್ರಶ್ನೆಗಳೇ ಅಧ್ಯಾಯಗಳಾಗಲಿ. ಪ್ರತಿ ಮುಖ್ಯ ಹೇಳಿಕೆಗೂ ಎರಡು ಬಗೆಯ ಆಧಾರ ಬೇಕು: ಕಲ್ಲು ಮತ್ತು ಕಾಗದ, ಅಥವಾ ಕಾಗದ ಮತ್ತು ಮಾತು. ಒಂದೇ ಕೇರಿಯ ಮೂವರು ಒಂದೇ ಮಾತು ಹೇಳಿದರೆ ಅದು ಮೂರು ಆಧಾರವಲ್ಲ, ಒಂದೇ. ಒಂದೇ ಬಗೆಯ ಆಧಾರವಿದ್ದರೆ ‘ಹೀಗೆ ಹೇಳುತ್ತಾರೆ’ ಎಂದು ಬರೆದು, ಹೇಳುವವರು ಯಾವ ಕೇರಿಯವರು ಎಂದೂ ಸೇರಿಸಿ. ಎರಡು ಕಥೆಗಳು ಹೊಂದದಿದ್ದರೆ ನಡುವಿನದೊಂದನ್ನು ನೀವೇ ಹೊಸೆಯಬೇಡಿ. ಎರಡನ್ನೂ ಪಕ್ಕಪಕ್ಕ ಅಚ್ಚು ಹಾಕಿ. ಗುಡಿಯ ಸ್ಥಳಪುರಾಣವನ್ನೂ ಬಿಡಬೇಡಿ, ಅದು ಪ್ರತ್ಯೇಕ ಅಧ್ಯಾಯದಲ್ಲಿ ಪುರಾಣವಾಗಿಯೇ ಇರಲಿ. ನಂಬಿಕೆಗೂ ನೋವಾಗುವುದಿಲ್ಲ, ಕಾಲಗಣನೆಯೂ ಕೆಡುವುದಿಲ್ಲ.

ಬದುಕಿರುವವರ ಸಾಲ, ಜೀತ, ಮದುವೆ, ಕೋರ್ಟು ವಿಷಯಗಳನ್ನು ಅವರ ಒಪ್ಪಿಗೆಯಿಲ್ಲದೆ ಹೆಸರಿನೊಂದಿಗೆ ಹಾಕಬಾರದು. ಹಳೆಯ ರಿಜಿಸ್ಟರುಗಳಲ್ಲಿ ಜಾತಿಯನ್ನು ಹೀನಾಯವಾಗಿ ಕರೆದ ಪದಗಳಿರುತ್ತವೆ. ಪುಸ್ತಕದಲ್ಲಿ ಆ ಸಮುದಾಯದವರು ತಮ್ಮನ್ನು ಕರೆದುಕೊಳ್ಳುವ ಹೆಸರನ್ನೇ ಬಳಸಿ, ಮೂಲ ಪದ ನಿಮ್ಮ ಕಡತದಲ್ಲಿ ಮಾತ್ರ ಇರಲಿ. ಪಹಣಿಯಿಂದ ಬರೆದ ಅಧ್ಯಾಯವನ್ನು ಅಚ್ಚಿಗೆ ಮೊದಲು ಒಬ್ಬ ವಕೀಲರಿಗೆ ತೋರಿಸಿ. ವ್ಯಾಜ್ಯದಲ್ಲಿರುವ ಸರ್ವೆ ನಂಬರಿನ ಬಗ್ಗೆ ದಾಖಲೆಯಲ್ಲಿದ್ದಷ್ಟನ್ನೇ ಹೇಳಬೇಕು.

ಕರಡನ್ನು ಪ್ರತಿ ಕೇರಿಯಲ್ಲಿ ಒಂದು ಸಂಜೆ ಗಟ್ಟಿಯಾಗಿ ಓದಿ. ಓದಲು ಬಾರದವರೂ ತಿದ್ದುಪಡಿ ಹೇಳಬಹುದು ಎಂಬುದೇ ಇದರ ಲಾಭ. ಹೇಳಿದ ತಿದ್ದುಪಡಿಯನ್ನು ಅವರ ಎದುರಿಗೇ ಬರೆದುಕೊಳ್ಳಿ. ಅಚ್ಚಾದ ಮೇಲೆ ಒಂದೊಂದು ಪ್ರತಿ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಶಾಲೆಗೆ, ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಕೊಡಿ. ರೆಕಾರ್ಡಿಂಗು ಮತ್ತು ದಾಖಲೆಗಳ ನಕಲು ಎರಡು ಬೇರೆ ಹಾರ್ಡ್‌ಡಿಸ್ಕುಗಳಲ್ಲಿ, ಎರಡು ಬೇರೆ ಮನೆಗಳಲ್ಲಿ ಇರಲಿ. ಫೈಲಿನ ಹೆಸರು ವರ್ಷ, ತಿಂಗಳು, ದಿನ, ಊರು, ಕ್ರಮಸಂಖ್ಯೆ ಎಂಬ ಕ್ರಮದಲ್ಲಿರಲಿ. ಪಂಚಾಯಿತಿ ಗ್ರಂಥಾಲಯದಲ್ಲಿ ಪುಸ್ತಕದ ಜೊತೆಗೆ ಗೆರೆ ಹಾಕಿದ ಒಂದು ನೋಟ್‌ಬುಕ್ ಇಡಿ: ಪುಟ, ತಪ್ಪು ಏನು, ಸರಿ ಏನು, ಆಧಾರ, ಹೇಳಿದವರು. ಆರು ತಿಂಗಳಿಗೊಮ್ಮೆ ಅದನ್ನು ತೆರೆದು, ಬಂದ ತಿದ್ದುಪಡಿಗಳನ್ನು ನಕ್ಷೆ ಮತ್ತು ಕಡತದೊಂದಿಗೆ ತಾಳೆ ನೋಡಿ, ಎರಡನೇ ಮುದ್ರಣಕ್ಕೆ ತೆಗೆದಿಡಿ.